ಮಂಗಳವಾರದ ಉಸಿರು

ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಜನರ ಬಾಯಿಗೆ ಕೊಳವೆ ಕೊಟ್ಟು ಊದಿಸುವುದು. ಅದಕ್ಕೆ ಸ್ಪೈರೋಮೆಟ್ರಿ ಎಂಬ ದೊಡ್ಡ ಹೆಸರಿದೆ. ನಮ್ಮ ಕಾರಿಡಾರಿನಲ್ಲಿ ಮಾತ್ರ ಅದು ‘ಫೂಂಕ್ ಟೆಸ್ಟ್’, ನಾನು ‘ಫೂಂಕ್‌ವಾಲಿ ಮೇಡಂ’. ವಿಮಲಾ ಎಂಬ ನನ್ನ ಹೆಸರನ್ನು ಅಲ್ಲಿ ಕರೆಯುತ್ತಿದ್ದವರು ನಮ್ಮ ವಿಭಾಗದ ಮುಖ್ಯಸ್ಥರೊಬ್ಬರೇ. ಚಿತ್ರದುರ್ಗದಿಂದ ನನ್ನಮ್ಮ ಒಮ್ಮೆ ಬಂದಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನು “ಫೂಂಕೋ! ಔರ್, ಔರ್, ಔರ್, ರುಕ್ನಾ ನಹೀಂ!” ಎಂದು, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ ಎಂದು, ಗಂಟಲು ಹರಿಯುವಂತೆ ಕೂಗುವುದನ್ನು ನೋಡಿ, “ಬಿ.ಎಸ್ಸಿ. ಓದಿಸಿದ್ದು ಜಾತ್ರೇಲಿ ಪೀಪಿ ಮಾರೋರ ಹಾಗೆ ಕಿರುಚೋಕೇನೇ?” ಎಂದು ಕೇಳಿದಳು. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳೇ, ಹೌದು, ಕಿರುಚುವುದಕ್ಕೇ. ಕಿರುಚದಿದ್ದರೆ ರೋಗಿ ಅರ್ಧ ಊದಿ ನಿಲ್ಲಿಸುತ್ತಾನೆ. ಅರ್ಧ ಊದಿದ ಕಾಗದ ಸುಳ್ಳು ಹೇಳುತ್ತದೆ.

ಪೂರ್ತಿ ಊದಿದ ಕಾಗದವೂ ಸುಳ್ಳು ಹೇಳಬಹುದು. ಅದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅದರ ಬೆಲೆಯನ್ನು ತೆತ್ತವಳು ಬೇರೊಬ್ಬಳು. ಬಡ್ತಿ, ಬೀಳ್ಕೊಡುಗೆ, ಶಾಲು ಎಲ್ಲ ನನ್ನ ಮಟ್ಟಿಗೆ ಬರೆಯುವಂಥ ಸಂಗತಿಗಳಲ್ಲ. ಇದು ಬರೆಯುವಂಥದ್ದು.

ಮೊದಲು ಕೆಲಸದ ಬಗ್ಗೆ ನಾಲ್ಕು ಮಾತು. ಆಸ್ತಮಾ ಎಂದರೆ ಶ್ವಾಸನಾಳಗಳು ಊದಿಕೊಂಡು, ಬಿಗಿದುಕೊಂಡು, ಉಸಿರನ್ನು ಹೊರಗೆ ಬಿಡಲು ಸತಾಯಿಸುವ ಕಾಯಿಲೆ. ಒಳಗೆ ಹೋದ ಗಾಳಿ ಹೊರಗೆ ಬರುವಾಗಲೇ ಕಷ್ಟ. ಅದಕ್ಕೇ ನಾವು ಊದಿಸುತ್ತೇವೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆಸಿ, ಒಂದೇ ಸಲಕ್ಕೆ ಬಿರುಸಾಗಿ ಕೊನೆಯ ಹನಿ ಗಾಳಿಯವರೆಗೆ ಊದಿಸಬೇಕು. ಆಮೇಲೆ ನಾಳ ಸಡಿಲಿಸುವ ಔಷಧವನ್ನು ಪಂಪ್‌ನಿಂದ ಎಳೆಸಿ, ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮತ್ತೆ ಊದಿಸಬೇಕು. ಮೊದಲು ಬಿಗಿ ಇದ್ದದ್ದು ಆಮೇಲೆ ಸಡಿಲವಾದರೆ ಆಸ್ತಮಾ ಎನ್ನಲು ಬಲವಾದ ಸಾಕ್ಷಿ ಸಿಕ್ಕಿತು. ವರ್ಷಾನುಗಟ್ಟಲೆ ಬೀಡಿ ಸೇದಿದವರದ್ದು, ಸೌದೆ ಒಲೆ ಮುಂದೆ ಕೂತ ಹೆಂಗಸರದ್ದು ಅಷ್ಟು ಸುಲಭವಾಗಿ ಸಡಿಲಾಗುವುದಿಲ್ಲ. ಅದು ಬೇರೆ ಕಾಯಿಲೆ, ಅದರ ದಾರಿಯೇ ಬೇರೆ. ಆಸ್ತಮಾ ಬಂದು ಹೋಗುವ ನೆಂಟ. ಈ ಮಾತನ್ನು ನಾನು ಎಷ್ಟೋ ಹೊಸಬರಿಗೆ ಪಾಠದ ಹಾಗೆ ಒಪ್ಪಿಸಿದ್ದೇನೆ. ನೆಂಟ ಹೋಗಿದ್ದ ದಿನ ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ ಎಂಬುದು ಮಾತ್ರ ನನ್ನ ತಲೆಗೇ ಹೋಗಿರಲಿಲ್ಲ.

ನಾನು ಸೇರಿದಾಗ ಇದ್ದದ್ದು ನೀರಿನ ತೊಟ್ಟಿಯ ಮೇಲೆ ಗಂಟೆಯಂಥ ಪಾತ್ರೆ ತೇಲುವ ಹಳೇ ಯಂತ್ರ. ರೋಗಿ ಊದಿದರೆ ಪಾತ್ರೆ ಮೇಲೇಳುತ್ತಿತ್ತು, ತಿರುಗುವ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತಿತ್ತು, ನಾವು ಅಡಿಪಟ್ಟಿ ಹಿಡಿದು ಲೆಕ್ಕ ಹಾಕುತ್ತಿದ್ದೆವು. ಎರಡು ಸಾವಿರದ ಆಚೀಚೆ ಕಂಪ್ಯೂಟರ್ ಯಂತ್ರ ಬಂತು. ಅದರಲ್ಲಿ ಮಕ್ಕಳಿಗಾಗಿ ಪರದೆಯ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು, ಊದಿದರೆ ಆರುತ್ತಿತ್ತು. ಲೆಕ್ಕವನ್ನೆಲ್ಲ ಅದೇ ಮಾಡಿ, ಕೆಳಗೆ ‘ನಾರ್ಮಲ್’ ಎಂದು ಅಚ್ಚೂ ಹಾಕಿಕೊಡುತ್ತಿತ್ತು. ಅಡಿಪಟ್ಟಿಯ ಕಾಲದಲ್ಲಿ ಒಂದು ಕಾಗದದ ಜೊತೆ ಕಾಲು ಗಂಟೆ ಕೂರುತ್ತಿದ್ದೆವು. ಆಗ ರೋಗಿಯ ಜೊತೆ ನಾಲ್ಕು ಮಾತು ತಾನಾಗಿ ಬರುತ್ತಿತ್ತು. ಹೊಸ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಬಂದ ಮೇಲೆ ನಾನು ಮಾತು ಕಡಿಮೆ ಮಾಡಿದ್ದು ನಿಜ.

ನನಗೆ ಕೋಡು ಬಂದದ್ದು ಮುಖರ್ಜಿ ನಗರದ ಒಬ್ಬ ಹುಡುಗಿಯಿಂದ. ಅಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ದೊಡ್ಡ ಪರೀಕ್ಷೆಗೆ ಓದುತ್ತಿದ್ದಳು. ಮೂರು ವರ್ಷದಿಂದ ಆಸ್ತಮಾ ಎಂದು ಪಂಪ್ ಎಳೆಯುತ್ತಿದ್ದಳು, ಗುಣ ಮಾತ್ರ ಕಂಡಿರಲಿಲ್ಲ. ನನ್ನ ಎದುರು ಕೂತಾಗ ಅವಳ ಉಸಿರು ಸೀಟಿ ಹೊಡೆಯುತ್ತಿತ್ತು. ಆದರೆ ಆ ಸದ್ದು ಬರುತ್ತಿದ್ದದ್ದು ಉಸಿರು ಬಿಡುವಾಗಲ್ಲ, ಎಳೆಯುವಾಗ. ಎದೆಯಿಂದಲ್ಲ, ಗಂಟಲಿಂದ. ನಾನು ಅದನ್ನು ಕಾಗದದ ಅಂಚಿನಲ್ಲಿ ಬರೆದೆ. ನಮ್ಮ ಮುಖ್ಯಸ್ಥರು ಡಾಕ್ಟರ್ ಮಾಥುರ್ ಅವಳನ್ನು ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು. ಉಸಿರೆಳೆಯುವಾಗ ತೆರೆದುಕೊಳ್ಳಬೇಕಾದ ಧ್ವನಿತಂತುಗಳು ಅವಳಲ್ಲಿ ಮುಚ್ಚಿಕೊಳ್ಳುತ್ತಿದ್ದವು. ಆಸ್ತಮಾ ಇರಲೇ ಇಲ್ಲ. ಉಸಿರಾಟದ ವ್ಯಾಯಾಮ ಕಲಿಸಿದರು, ಪಂಪ್ ಬಿಡಿಸಿದರು, ಹುಡುಗಿ ಸುಧಾರಿಸಿದಳು. ಮಾಥುರ್ ಸಾಹೇಬರು ಎಲ್ಲ ಕಿರಿಯ ಡಾಕ್ಟರುಗಳ ಮುಂದೆ, “ಮಶೀನ್ ಸೇ ಪೆಹಲೇ ವಿಮಲಾಜೀ ಕೇ ಕಾನ್ ನೇ ಪಕಡಾ” ಎಂದರು. ಯಂತ್ರಕ್ಕಿಂತ ಮೊದಲು ನನ್ನ ಕಿವಿ ಹಿಡಿಯಿತಂತೆ! ಹೊಗಳಿಕೆಯೇ ಗೊತ್ತಿಲ್ಲದ ಮನುಷ್ಯ ಹಾಗೆ ಹೊಗಳಿದರೆ ತಲೆ ನಿಲ್ಲುತ್ತದೆಯೇ? ಅಂದಿನಿಂದ ನಾನು ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಕಾಯಿಲೆ ತೀರ್ಮಾನಿಸತೊಡಗಿದೆ.

ಆ ದಿನಗಳಲ್ಲೇ ಜಲಜಕ್ಕ ಬಂದಳು.

ನಮ್ಮ ಮನೆ ಇದ್ದದ್ದು ಮಯೂರ್ ವಿಹಾರ್‌ನಲ್ಲಿ. ಹತ್ತಿರದ ಮಾರ್ಕೆಟ್ಟಿನಲ್ಲಿ ಕುಂದಾಪುರದ ಕಡೆಯ ಅಣ್ಣತಮ್ಮಂದಿರು ಒಂದು ಹೋಟೆಲ್ ನಡೆಸುತ್ತಿದ್ದರು. ಭಾನುವಾರ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದ್ದೇ ಕಡಿಮೆ. ಅವರ ಸಾಂಬಾರಿಗೆ ಇಂದಿರಾಪುರಂನಿಂದ ಕಾರು ಮಾಡಿಕೊಂಡು ಬರುವವರಿದ್ದರು. ಹಿರಿಯವರು ಭಾಸ್ಕರಣ್ಣ, ಅವರ ಹೆಂಡತಿ ಜಲಜಾಕ್ಷಿ. ಎಲ್ಲರೂ ಜಲಜಕ್ಕ ಎನ್ನುತ್ತಿದ್ದರು. ನನಗಿಂತ ಚಿಕ್ಕವಳಾದರೂ ನಾನೂ ಹಾಗೇ ಕರೆದೆ.

“ಇವಳಿಗೆ ಸಂಜೆ ಆದ್ರೆ ಎದೆ ಕಟ್ಟಿದ ಹಾಗೆ ಆಗ್ತದೆ ಮೇಡಂ. ರಾತ್ರಿ ಕೂತೇ ಇರ್ತಾಳೆ. ಹತ್ತಿರದ ಡಾಕ್ಟ್ರು ಆಸ್ತಮಾ ಅಂತ ಪಂಪ್ ಕೊಟ್ಟಿದ್ದಾರೆ. ಡೆಲ್ಲಿ ಹವೆ ಅಂತ ಕಾಣ್ತದೆ” ಎಂದರು ಭಾಸ್ಕರಣ್ಣ.

ಊದಿಸುವ ಪಟ್ಟಿ ಆಗ ತಿಂಗಳುಗಟ್ಟಲೆ ಉದ್ದವಿತ್ತು. ಆದರೆ ನಾನು ಮಂಗಳವಾರದ ಮೊದಲ ಕುರ್ಚಿಯನ್ನು ನಮ್ಮವರಿಗೆಂದು ಇಟ್ಟುಕೊಂಡಿದ್ದೆ. ಆ ಮಾರ್ಕೆಟ್ಟಿಗೆ ಮಂಗಳವಾರ ರಜೆ. ಹೋಟೆಲ್ಲಿನವರಿಗೆ ಅದೊಂದೇ ದಿನ ಬಿಡುವು. ಪರವೂರಲ್ಲಿ ನಮ್ಮವರಿಗೆ ಇಷ್ಟೂ ಮಾಡದಿದ್ದರೆ ಈ ಕುರ್ಚಿಯಲ್ಲಿ ಕೂತು ಏನು ಪ್ರಯೋಜನ ಎಂದು ನನ್ನ ಲೆಕ್ಕ. ಒಳ್ಳೆಯ ಮನಸ್ಸಿಂದಲೇ ಮಾಡುತ್ತಿದ್ದೆ.

ಮಂಗಳವಾರ ಜಲಜಕ್ಕ ಇಸ್ತ್ರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಅರ್ಜಿಯಲ್ಲಿ ಹೆಸರು, ವಯಸ್ಸು, ಎತ್ತರ, ಉದ್ಯೋಗ ಎಂದು ಖಾನೆಗಳಿದ್ದವು. ಎತ್ತರ ಅಳೆದೆ, ವಯಸ್ಸು ಕೇಳಿದೆ. ಉದ್ಯೋಗದ ಖಾನೆಯಲ್ಲಿ ಕೇಳದೆಯೇ ‘ಗೃಹಿಣಿ’ ಎಂದು ಬರೆದೆ. ಹೋಟೆಲ್ಲಿನಲ್ಲಿ ಯಾವತ್ತೂ ಅವಳನ್ನು ಗಲ್ಲಾದ ಹತ್ತಿರವೂ ಕಂಡಿರಲಿಲ್ಲವಲ್ಲ. ಅವಳು ಊದಿದಳು. ಚೆನ್ನಾಗಿಯೇ ಊದಿದಳು. ಔಷಧದ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ‘ನಾರ್ಮಲ್’ ಎಂದು ಯಂತ್ರ ಅಚ್ಚು ಹಾಕಿತು.

ಮಾಥುರ್ ಸಾಹೇಬರು ಕಾಗದ ನೋಡಿ, “ಆಜ್ ತೋ ಸಬ್ ಠೀಕ್ ಹೈ. ಪಂಪ್ ಜಾರೀ ರಖಿಯೇ, ಜಿಸ್ ದಿನ್ ಸಾಂಸ್ ಫೂಲೇ ಉಸ್ ದಿನ್ ಆಯಿಯೇ” ಎಂದರು. ಇವತ್ತಂತೂ ಸರಿಯಿದೆ, ಪಂಪ್ ಬಿಡಬೇಡಿ, ಉಸಿರು ಕಟ್ಟಿದ ದಿನವೇ ಬನ್ನಿ ಎಂದು. ಜಲಜಕ್ಕನಿಗೆ ಹಿಂದಿ ಅಷ್ಟಕ್ಕಷ್ಟೆ. ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ ನಾನು ಕನ್ನಡದಲ್ಲಿ ಹೇಳಿದೆ: “ಏನೂ ಇಲ್ಲ ಜಲಜಕ್ಕ. ಎಲ್ಲ ಸರಿಯಾಗಿದೆ. ಚಿಂತೆ ಬಿಡಿ.”

ವರದಿ ಹೇಳುವುದು ಊದಿಸುವವರ ಕೆಲಸವಲ್ಲ. ಹೇಳಿದ್ದೂ ಸಾಲದೆ, ನಾನು ಸಾಹೇಬರ ಮಾತಿನಿಂದ ‘ಇವತ್ತು’ ಎಂಬುದನ್ನೇ ತೆಗೆದುಹಾಕಿದ್ದೆ.

ಅವಳು ಮತ್ತೆ ಎರಡು ಸಲ ಬಂದಳು, ಒಂದು ಬೇಸಿಗೆಯಲ್ಲಿ, ಒಂದು ದೀಪಾವಳಿಯ ಹಿಂದಿನ ತಿಂಗಳು. ಎರಡೂ ಸಲ ನಾನೇ ಫೋನ್ ಮಾಡಿ, “ಮಂಗಳವಾರ ಬನ್ನಿ, ನಿಮಗೂ ಅನುಕೂಲ” ಎಂದೆ. ಎರಡೂ ಸಲ ಕಾಗದ ನಿರ್ಮಲ. ಮೂರನೇ ಸಲ ಅವಳು ಕುರ್ಚಿಯಿಂದ ಏಳುತ್ತಾ ಕೇಳಿದಳು, “ಹಾಗಾದ್ರೆ ನಂಗೆ ರಾತ್ರಿ ಆಗೂದು ಎಂತದ್ದು ಮೇಡಂ?”

ನಾನು ಮುಖರ್ಜಿ ನಗರದ ಹುಡುಗಿಯನ್ನು ನೆನೆದೆ. ನನ್ನ ಕಿವಿಯನ್ನು ನೆನೆದೆ. “ಕೆಲವರಿಗೆ ಗಂಟಲು ಬಿಗಿದ ಹಾಗೆ ಆಗುತ್ತೆ. ಮನಸ್ಸಿನ ಚಿಂತೆಯಿಂದಲೂ ಬರುತ್ತೆ. ಮನೇಲಿ ಏನಾದ್ರೂ ಬೇಜಾರಿದೆಯಾ?” ಎಂದೆ.

ಅವಳು ತಲೆ ತಗ್ಗಿಸಿದಳು. ಕೂಡು ಕುಟುಂಬದ ಹಿರಿಸೊಸೆಗೆ ಬೇರೆಯವರ ಮುಂದೆ ಈ ಪ್ರಶ್ನೆ ಕೇಳಿದರೆ ಅದು ಬೈಗುಳಕ್ಕೆ ಸಮ. ನಾನು ಕಾಗದದ ಅಂಚಿನಲ್ಲಿ ‘ಗಂಟಲು? ಆತಂಕ?’ ಎಂದು ಬರೆದೆ. ಅಂಚಿನ ನನ್ನ ಬರಹಕ್ಕೆ ಆ ವಿಭಾಗದಲ್ಲಿ ಆಗ ಬೆಲೆ ಬಂದಿತ್ತು. ಸಾಹೇಬರು ಆತಂಕಕ್ಕೆ ಒಂದು ಮಾತ್ರೆ ಬರೆದರು. ಜಲಜಕ್ಕ ಮನೆಗೆ ಹೋಗಿ ಪಂಪ್ ಎತ್ತಿಟ್ಟಳು. ಏನೂ ಇಲ್ಲ ಎಂದ ಮೇಲೆ ಯಾಕೆ ಎಳೆಯಬೇಕು?

ಚಳಿಗಾಲ ಬಂತು. ಒಂದು ಶನಿವಾರ ಮಧ್ಯಾಹ್ನ ಯಂತ್ರಕ್ಕೆ ಹೊದಿಕೆ ಹಾಕಿ ಮನೆಗೆ ಹೊರಡುತ್ತಿದ್ದೆ. ತುರ್ತು ಚಿಕಿತ್ಸೆಯ ವಾರ್ಡಿನಿಂದ ಕರೆ ಬಂತು, “ಮೇಡಂ, ನಿಮ್ಮ ಭಾಷೆಯ ರೋಗಿ, ಬೇಗ ಬನ್ನಿ” ಎಂದು. ಹೋದರೆ ಮಂಚದ ಮೇಲೆ ಜಲಜಕ್ಕ, ಪಕ್ಕದಲ್ಲಿ ಭಾಸ್ಕರಣ್ಣ. ಮಲಗಲಾರಳು, ಎರಡು ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಾಳೆ. ತುಟಿ ನೀಲಿಗಟ್ಟಿದೆ. ಎದೆಯಲ್ಲಿ ಸದ್ದೇ ಇಲ್ಲ. ಹೊಸಬರು ನೆನಪಿಡಿ, ಸೀಟಿ ಹೊಡೆಯುವ ಎದೆಗಿಂತ ಸದ್ದಿಲ್ಲದ ಎದೆ ಅಪಾಯ. ಗಾಳಿಯೇ ಓಡಾಡದಿದ್ದರೆ ಸದ್ದೆಲ್ಲಿಂದ ಬರಬೇಕು? ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ, ಔಷಧದ ಹಬೆ ಕೊಡುತ್ತಿದ್ದರು. “ಹೆದರಬೇಡಿ, ಉಸಿರು ಬಿಡಿ ಜಲಜಕ್ಕ, ಬಿಡಿ” ಎನ್ನುತ್ತಾ ನಾನು ಅವಳ ಬೆನ್ನಿಗೆ ಕೈಯಿಟ್ಟು ಬಾಗಿದೆ.

ಆಗ ಆ ಘಮ ಬಂತು. ಹುರಿದ ಕೊತ್ತಂಬರಿ, ಮೆಂತ್ಯ, ಬ್ಯಾಡಗಿ ಮೆಣಸು. ನಾನು ಭಾನುವಾರ ಭಾನುವಾರ ಬೆರಳು ನೆಕ್ಕಿ ತಿಂದ ಸಾಂಬಾರಿನ ಘಮ. ಅವಳ ಹುಬ್ಬಿನ ಮೇಲೆ, ಬೈತಲೆಯಲ್ಲಿ, ಕಿವಿಯ ಹಿಂದೆ ಕೆಂಪು ಪುಡಿ ತೆಳ್ಳಗೆ ಕೂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

“ಭಾಸ್ಕರಣ್ಣ, ಇವರು ಎಲ್ಲಿದ್ರು?”

“ಹೋಟೆಲಲ್ಲಿ.”

“ಹೋಟೆಲಲ್ಲಿ ಎಲ್ಲಿ?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. ಹೆಂಡತಿಯ ಪ್ರಾಣ ಹೋಗುತ್ತಿರುವಾಗಲೂ ದನಿ ತಗ್ಗಿಸಿದರು. “ಮಸಾಲೆ ಕೋಣೆಯಲ್ಲಿ. ಪುಡಿ ಮಾಡೂದು ಅವಳೇ ಅಲ್ವಾ. ಹೊರಗೆ ಹೇಳ್ಲಿಕ್ಕಿಲ್ಲ ಮೇಡಂ.”

ಆಮೇಲೆ ಎಲ್ಲ ತಿಳಿಯಿತು. ದೆಹಲಿಯಲ್ಲಿ ಅಡುಗೆಯವರು ಇವತ್ತು ಈ ಹೋಟೆಲ್, ನಾಳೆ ಎದುರಿನ ಹೋಟೆಲ್. ಹೋಗುವಾಗ ರುಚಿಯನ್ನೂ ಹೊತ್ತುಕೊಂಡು ಹೋಗುತ್ತಾರೆ. ಅದಕ್ಕೇ ಆ ಮನೆಯ ಮಸಾಲೆಯ ಅಳತೆಯನ್ನು ಅತ್ತೆ ಹಿರಿಸೊಸೆಗೆ ಮಾತ್ರ ಹೇಳಿ, ಆಣೆ ಹಾಕಿಸಿಕೊಂಡಿದ್ದರು. ಹೋಟೆಲ್ಲಿನ ಹಿಂದುಗಡೆ ಒಂದು ಚಿಕ್ಕ ಕೋಣೆ. ಕಿಟಕಿಗೆ ಹಲಗೆ ಬಡಿದಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕ. ಬುಧವಾರದಿಂದ ಸೋಮವಾರದವರೆಗೆ ದಿನಾ ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲಿನಿಂದ ಹೋಗಿ, ಹುರಿದು, ಯಂತ್ರಕ್ಕೆ ಹಾಕಿ, ಜರಡಿ ಹಿಡಿದು, ಯಾರಿಗೂ ಕಾಣದಂತೆ ಮನೆ ಸೇರುತ್ತಿದ್ದಳು. ಮೆಣಸು ಹುರಿದರೆ ಯಾರಿಗೆ ಕೆಮ್ಮು ಬರುವುದಿಲ್ಲ? ಹಾಗೆಂದು ಅವರೂ ಸುಮ್ಮನಿದ್ದರು. ಅಷ್ಟು ವರ್ಷ ಆ ರುಚಿ ಉಂಡ ನಾನು, ಅದನ್ನು ಮಾಡುವ ಕೈ ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಎದೆಯಲ್ಲಿ ಸೀಟಿ ಕೇಳಿಸಿತು. ಸೀಟಿ ಕೇಳಿ ಸಂತೋಷದಿಂದ ಅತ್ತದ್ದು ನನ್ನ ಇಡೀ ಉದ್ಯೋಗದಲ್ಲಿ ಅದೊಂದೇ ಸಲ.

ಸೋಮವಾರ ಸಾಹೇಬರು ಜಲಜಕ್ಕನ ಮೂರೂ ಕಾಗದ ತರಿಸಿದರು. ಗೆರೆಗಳನ್ನು ನೋಡಲಿಲ್ಲ. ಮೇಲಿನ ತಾರೀಖುಗಳನ್ನು ನೋಡಿ, ಮೇಜಿನ ಕ್ಯಾಲೆಂಡರ್ ತಿರುವಿದರು. ಒಂದು, ಎರಡು, ಮೂರು. ಕನ್ನಡಕ ತೆಗೆದು ಕೇಳಿದರು, “ವಿಮಲಾಜೀ, ತೀನೋಂ ಮಂಗಲ್‌ವಾರ್?” ಮೂರೂ ಮಂಗಳವಾರವೇ ಎಂದು.

“ಅವರ ರಜೆ ದಿನ ಸರ್. ಅನುಕೂಲ ಆಗಲಿ ಅಂತ ನಾನೇ...”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮೂರು ಕಾಗದವನ್ನೂ ಜೋಡಿಸಿ, “ತಾರೀಖ್ ತೋ ಮೈಂನೇ ಭೀ ನಹೀಂ ದೇಖೀ” ಎಂದಷ್ಟೇ ಹೇಳಿ ನನ್ನ ಕೈಗಿಟ್ಟರು. ತಾರೀಖು ತಾನೂ ನೋಡಲಿಲ್ಲ ಎಂದು ಆ ಹಿರಿಯ ಮನುಷ್ಯ ಒಪ್ಪಿಕೊಂಡರು. ನಾನು ಆ ದಿನ ಅಷ್ಟನ್ನೂ ಒಪ್ಪಿಕೊಳ್ಳಲಿಲ್ಲ. ಉದ್ಯೋಗದ ಖಾನೆ, ತೆಗೆದುಹಾಕಿದ ‘ಇವತ್ತು’, ಅಂಚಿನ ಬರಹ, ಯಾವುದನ್ನೂ ಬಾಯಿ ಬಿಡಲಿಲ್ಲ. ಹೆದರಿದೆ.

ಜಲಜಕ್ಕನಿಗೆ ಪೀಕ್ ಫ್ಲೋ ಮೀಟರ್ ಕೊಟ್ಟೆವು. ಕೈಯಲ್ಲಿ ಹಿಡಿದು ಊದುವ ಪ್ಲಾಸ್ಟಿಕ್ ಕೊಳವೆ ಅದು. ಊದಿದಷ್ಟು ಮುಳ್ಳು ಮುಂದೆ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಊದಿ ಬರೆಯಬೇಕು. ಅವಳು ಹೊಸ ಪಂಪ್ ಎಳೆಯುತ್ತಾ, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಆ ಕೋಣೆಗೆ ಮತ್ತೆ ಹೋದಳು. ಬೇಡವೆಂದರೂ ಕೇಳಲಿಲ್ಲ. ನಾಲ್ಕು ವಾರದ ನೋಟ್‌ಬುಕ್ ತಂದಾಗ ನಾನು ಚುಕ್ಕಿ ಇಟ್ಟು ಗೆರೆ ಎಳೆದೆ. ಬುಧವಾರದಿಂದ ಗೆರೆ ಇಳಿಯುತ್ತಾ ಇಳಿಯುತ್ತಾ ಸೋಮವಾರ ತಳ ಸೇರುತ್ತಿತ್ತು. ಮಂಗಳವಾರ ಏಳುತ್ತಿತ್ತು. ನಾಲ್ಕು ವಾರ, ನಾಲ್ಕು ದಿಬ್ಬ. ಅಷ್ಟು ದಿನ ನಾನು ಆ ದಿಬ್ಬಗಳ ಮೇಲೆ ನಿಂತು ಕಣಿವೆಯೇ ಇಲ್ಲ ಎಂದಿದ್ದೆ.

“ಆ ಕೋಣೆ ಬಿಡಬೇಕು ಜಲಜಕ್ಕ. ಧೂಳು ಒಳಗೆ ಹೋಗ್ತಾ ಇದ್ದರೆ ಯಾವ ಪಂಪೂ ಉಳಿಸಲ್ಲ” ಎಂದೆ.

ಅವಳು ನೋಟ್‌ಬುಕ್ ಮುಚ್ಚಿ ಹೇಳಿದಳು, “ನಂಗೆ ಮಕ್ಕಳಿಲ್ಲ ಮೇಡಂ. ಓದು ಬರಹ ಅಷ್ಟಿಲ್ಲ. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳೂದು ಆ ಅಳತೆ ನನ್ನ ಹತ್ರ ಉಂಟು ಅಂತ. ಅದು ಬಿಟ್ರೆ ನಾನು ಅಲ್ಲಿ ಎಂತದ್ದು?”

ಬಾಗಿಲ ಬಳಿ ನಿಂತಿದ್ದ ಭಾಸ್ಕರಣ್ಣ ಅಂದರು, “ನೀನು ಎಂತದ್ದು ಅಂತ ಆ ಶನಿವಾರ ಆಸ್ಪತ್ರೆ ಮಂಚದ ಹತ್ರ ನಿಂತಾಗ ನಂಗೆ ಗೊತ್ತಾಯ್ತು ಮಾರಾಯ್ತಿ. ಅಮ್ಮನ ಆಣೆ ನನ್ನ ಮೇಲೆ ಬರ್ಲಿ. ಅಳತೆ ನಂಗೆ ಹೇಳು.” ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಅವಳು ಗಂಡನಿಗೆ ಅಳತೆ ಹೇಳಿದಳು. ಮರುದಿನ ಅವರೇ ಕಿಟಕಿಯ ಹಲಗೆ ಕಿತ್ತರು. ಆ ಭಾನುವಾರ ಸಾಂಬಾರಿನಲ್ಲಿ ಮೆಂತ್ಯ ಹೆಚ್ಚಾಗಿತ್ತು. ನಾನು ಮರುಮಾತಿಲ್ಲದೆ ಉಂಡೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಇಂಥ ಆಸ್ತಮಾವನ್ನು ಬೇಗ ಹಿಡಿದು, ಧೂಳಿನಿಂದ ಬೇಗ ದೂರ ಮಾಡಿದರೆ ಕೆಲವರಿಗೆ ಪೂರ್ತಿ ವಾಸಿಯಾಗುತ್ತದೆ. ತಡವಾದಷ್ಟೂ ನಾಳಗಳು ಬಿಗಿಯನ್ನೇ ರೂಢಿ ಮಾಡಿಕೊಳ್ಳುತ್ತವೆ. ಜಲಜಕ್ಕ ಮೊದಲು ನನ್ನ ಕುರ್ಚಿಯಲ್ಲಿ ಕೂತದ್ದಕ್ಕೂ ಕೋಣೆ ಬಿಟ್ಟದ್ದಕ್ಕೂ ನಡುವೆ ಒಂದು ವರ್ಷ ದಾಟಿತ್ತು. ಆ ವರ್ಷವನ್ನು ಕಳೆದವಳು ನಾನು.

ನಾನು ನಿವೃತ್ತಳಾಗುವ ತಿಂಗಳು, ಆಗಷ್ಟೇ ನಮ್ಮ ಕಡೆಗೆ ಮೆಟ್ರೋ ಬಂದಿತ್ತು, ಅವಳು ಒಬ್ಬಳೇ ಮೆಟ್ರೋದಲ್ಲಿ ಪರೀಕ್ಷೆಗೆ ಬಂದಳು. ಆ ದಿನವೂ ಮಂಗಳವಾರ, ಬೇಕೆಂದೇ ಕೇಳಿ ಪಡೆದಿದ್ದಳು. ಊದಿದಳು. ನಾನು ಎಂದಿನಂತೆ ಕೂಗಿದೆ. ಹಳೆಯ ಮೊದಲ ಕಾಗದವನ್ನು ತೆಗೆದು ಪಕ್ಕದಲ್ಲಿಟ್ಟೆ. ಹೊಸ ಗೆರೆ ಅದಕ್ಕಿಂತ ಕೆಳಗಿತ್ತು. ಔಷಧ ಎಳೆಸಿದ ಮೇಲೂ ಅದನ್ನು ಮುಟ್ಟಲಿಲ್ಲ. ಮೆಟ್ಟಿಲು ಹತ್ತಿದರೆ ಎಲ್ಲಿ ನಿಲ್ಲುತ್ತಾಳೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಆಗ ಹೇಳಿದೆ. ಖಾನೆಯ ಬಗ್ಗೆ, ಸಾಹೇಬರು ನಿಜವಾಗಿ ಹೇಳಿದ್ದ ಮಾತಿನ ಬಗ್ಗೆ, ಅಂಚಿನ ಬರಹದ ಬಗ್ಗೆ, ಎಲ್ಲ. “ನನ್ನಿಂದ ದೊಡ್ಡ ತಪ್ಪಾಯಿತು ಜಲಜಕ್ಕ” ಎಂದೆ.

ಅವಳು ಎರಡೂ ಕಾಗದವನ್ನು ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು, “ಮಂಗಳವಾರ ನಂಗೆ ಹಗುರ ಆಗ್ತಿತ್ತು. ಅದು ನಂಗೆ ಆವಾಗಲೇ ಗೊತ್ತಿತ್ತು ಮೇಡಂ. ನೀವು ಕೇಳಿದ್ರೆ ಹೇಳ್ತಿದ್ದೆ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಹೊರಡುವ ಮೊದಲು ಅವಳು ಅರ್ಜಿಯ ಮೇಲೆ ಬೆರಳಿಟ್ಟು, “ಇಲ್ಲಿ ಎಂತ ಬರ್ದಿದ್ದೀರಿ?” ಎಂದಳು. ಉದ್ಯೋಗದ ಖಾನೆ ಖಾಲಿಯಿತ್ತು.

“ನೀವೇ ಹೇಳಿ” ಎಂದೆ.

“ಹತ್ತೊಂಬತ್ತು ವರ್ಷ ಮಸಾಲೆ ಮಾಡಿದವಳು. ಹಾಗೇ ಬರೀರಿ.”

ಬರೆದೆ. ಖಾನೆ ಚಿಕ್ಕದು, ಅಕ್ಷರ ಹೊರಗೆ ಹೋಯಿತು. ಈ ಕೆಲಸಕ್ಕೆ ಬರುವ ಮಕ್ಕಳೇ, ಊದಿಸುವುದನ್ನು ಯಂತ್ರ ಕಲಿಸಿಕೊಡುತ್ತದೆ. ನೀವು ಕೊಳವೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ: ನಿನ್ನೆ ಇಷ್ಟು ಹೊತ್ತಿಗೆ ನಿಮ್ಮ ಕೈ ಏನು ಮಾಡುತ್ತಿತ್ತು?